ಹುಸೇನಬಿ ಹೊಲಿದ ಕೊನೆಯ ಮೂಲೆ

ಹಳೆಯ ಸೀರೆಗಳನ್ನು ಬಿಸಿಲಿಗೆ ಹರವಿದಾಗ ಏಳುವ ವಾಸನೆಯೊಂದಿದೆ. ಬೇವಿನೆಲೆಯ ಕಹಿ, ಟ್ರಂಕಿನ ತುಕ್ಕು, ಎಂದೋ ತಲೆಗೆ ಹಚ್ಚಿಕೊಂಡ ಎಣ್ಣೆ, ಒಲೆಯ ಹೊಗೆ, ಎಲ್ಲ ಒಂದರೊಳಗೊಂದು ಬೆರೆತು ಹೊತ್ತೇರಿದ ಹಾಗೆ ಅಂಗಳದ ತುಂಬ ಹರಡುವ ವಾಸನೆ. ನಮ್ಮ ಮನೆತನದವರ ನಡುವೆ ಎಲ್ಲಿ ಆ ವಾಸನೆ ಎದ್ದರೂ ಯಾರಾದರೊಬ್ಬರು ಹುಸೇನಬಿಯ ಹೆಸರು ತೆಗೆಯುತ್ತಾರೆ. ಹೆಸರು ಬಂದ ಮೇಲೆ ಕಥೆ ಬರಲೇಬೇಕು. ಆಳಂದದ ನಮ್ಮ ಮನೆಗೆ ಕೌದಿ ಹೊಲಿಯಲು ಬರುತ್ತಿದ್ದ ಹುಸೇನಬಿ ಎಂಬಾಕೆ ಚಿಗವ್ವನ ಟ್ರಂಕಿಗೆ ಕೈ ಹಾಕಿ ಹೊಲದ ಕಾಗದ ಹಾರಿಸಿದಳು, ಗೊಬ್ಬೂರದಲ್ಲಿದ್ದ ಚಿಗವ್ವನ ತವರಿನವರ ಜೊತೆ ಮೊದಲೇ ಶಾಮೀಲಾಗಿದ್ದಳು, ಅವಳಿಂದಾಗಿ ಹೊಲ ಮನೆತನದ ಕೈಬಿಟ್ಟಿತು. ಆ ವರ್ಷ ಇನ್ನೂ ಹುಟ್ಟಿರದ ನನ್ನ ತಮ್ಮ ಕೂಡ ಇದನ್ನು ಕಣ್ಣಾರೆ ಕಂಡವನ ಹಾಗೆ ಹೇಳುತ್ತಾನೆ. ಅವಳು ಟ್ರಂಕಿನ ಮುಚ್ಚಳ ಹೇಗೆ ಎತ್ತಿದಳು ಎಂದು ಕೈಯಲ್ಲಿ ಮಾಡಿಯೂ ತೋರಿಸುತ್ತಾನೆ.

ನಾನು ಈ ಕಥೆಯನ್ನು ಒಪ್ಪುವುದಿಲ್ಲ. ವಾದಕ್ಕಾಗಿ ವಾದ ಮಾಡುವ ಹುಡುಗಿ ಎಂದು ನನಗೆ ಹೇಗೂ ಹೆಸರಿದೆ, ಇರಲಿ. ಹುಸೇನಬಿಗೆ ಅಕ್ಷರ ಬರುತ್ತಿರಲಿಲ್ಲ. ಉರ್ದು ಕಾಗದವೊಂದನ್ನು ಮುಂದೆ ಹಿಡಿದರೆ ಅದು ಹೊಲದ್ದೋ ತಾಯಿತದೊಳಗಿನ ಚೀಟಿಯೋ ಅವಳು ಹೇಳಲಾರಳು. ನಮ್ಮ ಮನೆಯಿಂದ ಅವಳು ಹೊರಟಾಗ ಅವಳ ಗಂಟನ್ನು ನಾವೆಲ್ಲ ಸುತ್ತ ನಿಂತು ಕೊನೆಯ ಎಳೆಯವರೆಗೆ ಬಿಚ್ಚಿ ನೋಡಿದ್ದೆವು. ಹಾಗಾದರೆ ಒಯ್ದದ್ದೇನು, ಎಲ್ಲಿಟ್ಟುಕೊಂಡು? ಹೀಗೆ ಕೇಳಿದರೆ, "ಅದಕ್ಕಿಂತ ಮೊದ್ಲ ಯಾರ ಕೈಯಾಗರ ದಾಟಿಸಿರಬೇಕು" ಎನ್ನುತ್ತಾರೆ. ಇಡೀ ಕಥೆ ನಿಂತಿರುವುದು ಆ 'ಇರಬೇಕು' ಎಂಬ ಒಂಟಿ ಕಂಬದ ಮೇಲೆ. ಅದನ್ನು ಅಲುಗಾಡಿಸಲು ನನಗೆ ತರ್ಕವೂ ಬೇಕಾಗಿಲ್ಲ. ಕಾಗದ ದಾಟಿಸಿದ ಕೈ ನನ್ನದು. ನನಗಾಗ ಒಂಬತ್ತು ವರ್ಷ. ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ಮುಂಚಿನ ಬೇಸಿಗೆ ಅದು.

ಮನೆಯೇ ಈಗ ಇಲ್ಲ, ಆದ್ದರಿಂದ ಮನೆಯ ಮಾತು ಮೊದಲು. ಆಳಂದದಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ, ನೆಲಕ್ಕೆ ಶಹಾಬಾದಿ ಫರಸಿ. ಹೊರಗೆ ಓಣಿಯ ಮಣ್ಣು ಅಂಗಾಲು ಸುಡುವ ಮಧ್ಯಾಹ್ನಗಳಲ್ಲಿ ನಾನು ಆ ಕಲ್ಲಿಗೆ ಕೆನ್ನೆ ಒತ್ತಿ ಮಲಗುತ್ತಿದ್ದೆ. ಒಂದು ಕೆನ್ನೆ ತಣ್ಣಗಾದ ಮೇಲೆ ಇನ್ನೊಂದು. ಅಪ್ಪ ತಹಶೀಲ ಕಚೇರಿಯ ಮುಂದೆ ಬೇವಿನ ನೆರಳಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಊರೆಲ್ಲ ಅವರನ್ನು ಮುನಶಿ ಎನ್ನುತ್ತಿತ್ತು. ನಿಜಾಮನ ರಾಜ್ಯ, ಕಚೇರಿಯದೆಲ್ಲ ಉರ್ದು. ಎತ್ತು ಕಳಕೊಂಡವನು, ಬದುವಿಗಾಗಿ ಹೊಡೆದಾಡಿದವನು, ಸೊಸೆಯ ಮೇಲೆ ದೂರು ತಂದವಳು, ಇವರೆಲ್ಲ ಕನ್ನಡದಲ್ಲಿ ಅತ್ತದ್ದನ್ನು ಅಪ್ಪ ಉರ್ದುವಿನಲ್ಲಿ ಬರೆಯುತ್ತಿದ್ದರು. ಸಂಜೆ ಮನೆಗೆ ಬಂದರೆ ಅವರ ಬೆರಳಲ್ಲಿ ಮಸಿ ಇರುತ್ತಿತ್ತು, ನಾಲಿಗೆಯಲ್ಲಿ ಕಚೇರಿ ಇರುತ್ತಿತ್ತು. ತಪ್ಪು ಮಾಡಿದವನು ಮುಜರಿಮ್, ಕಂಡವನು ಗವಾಹ್, ತಪ್ಪಿಗೆ ಜೊತೆ ಕೊಟ್ಟವನು ಶಾಮೀಲು. ಈ ಮೂರು ಮಾತು ನಮ್ಮ ಮನೆಯ ಮಕ್ಕಳಿಗೆ ಕಾಗುಣಿತಕ್ಕಿಂತ ಮೊದಲು ಬಂದವು. ಹಾಲು ಚೆಲ್ಲಿದರೆ ಪಡಸಾಲೆಯಲ್ಲೇ ವಿಚಾರಣೆ ನಡೆಯುತ್ತಿತ್ತು.

"ಮುಜರಿಮ್ ಬೆಕ್ಕು. ಗವಾಹ್ ನಮ್ಮ ಕಮಲಿ. ಶಾಮೀಲು ಯಾರು?" ಎಂದು ಅಪ್ಪ ನನ್ನ ಕಡೆ ಕೈ ತೋರಿಸಿ ಕೇಳುತ್ತಿದ್ದರು.

"ಬಾಗಲಾ ತೆರದಿಟ್ಟಾಕಿ ನಾನ, ನನ್ನೂ ಬರಕೊಳ್ರಿ," ಎಂದು ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. "ಹಂಗೇ ಬೆಕ್ಕಿಗಿ ನಾಲಿಗಿ ಕೊಟ್ಟ ದೇವರನ್ನೂ ಕರಸ್ರಿ ಕಚೇರಿಗಿ."

"ಕರಸ್ತಿದ್ದೆ. ಅವನ ಪತ್ತೆ ಯಾರಿಗಿ ಗೊತ್ತದ? ಸಮನ್ಸ್ ಎಲ್ಲಿಗಿ ಕಳಸ್ಲಿ?"

ಮಾಳಿಗೆ ಸೋರಿದರೆ ಮಳೆ ಮುಜರಿಮ್, ತೂತು ಕೊರೆದ ಇಲಿ ಶಾಮೀಲು. ನಾನು ಹೊತ್ತೇರಿ ಎದ್ದರೆ ಮೋಡ ಶಾಮೀಲು. ಹೀಗೆ ಆಡುತ್ತ ಆಡುತ್ತ ಆ ಮಾತಿನ ಮೊನೆ ಸವೆದು, ಕೈಯಲ್ಲಿ ಹಿಡಿದು ಆಡಬಹುದಾದ ನುಣ್ಣನೆಯ ಕಲ್ಲಿನಂತಾಗಿತ್ತು ನಮಗೆ. ಎಷ್ಟೋ ವರ್ಷದ ಮೇಲೆ ಸೋಲಾಪುರದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ನಿಲ್ಲತೊಡಗಿದಾಗ ನಮ್ಮನ್ನು ತಯಾರು ಮಾಡುತ್ತಿದ್ದ ಪ್ರೊಫೆಸರರು ಒಂದು ದಿನ ಅಕಾಂಪ್ಲಿಸ್ ಎಂಬ ಮಾತು ವಿವರಿಸಿದರು. ಇಂಗ್ಲಿಷಿನವರು ಅದನ್ನು ಎರಡು ಕಡೆ ಬಳಸುತ್ತಾರಂತೆ. ಕೋರ್ಟಿನ ಒಳಗೆ, ತಿಳಿದು ಮನಸಾರೆ ಅಪರಾಧಕ್ಕೆ ಕೈ ಜೋಡಿಸಿದವನಿಗೆ. ಕೋರ್ಟಿನ ಹೊರಗೆ, ಯಾವುದಕ್ಕೆ ಬೇಕಾದರೂ. ಕಳ್ಳನಿಗೆ ಮಂಜು ಅಕಾಂಪ್ಲಿಸ್, ಸುಳ್ಳಿಗೆ ಮೌನ, ಸೋಮಾರಿಗೆ ಮೆತ್ತನೆಯ ಕುರ್ಚಿ. ಕದ್ದು ಮಿಠಾಯಿ ತಿನ್ನುವ ಗೆಳತಿಯರೂ ನಗುತ್ತ ಒಬ್ಬರನ್ನೊಬ್ಬರು ಹಾಗೆ ಕರೆದುಕೊಳ್ಳುತ್ತಾರಂತೆ. ಇದರಲ್ಲೇನು ಹೊಸದು, ನಮ್ಮಪ್ಪ ಬೆಕ್ಕು ಇಲಿಗಳ ಮೇಲೆ ಇದನ್ನೇ ನಡೆಸಿದ್ದರು ಎಂದುಕೊಂಡೆ. ಆದರೂ ಎದ್ದು ನಿಂತು ಕೇಳಿದೆ: ಕೋರ್ಟಿನಲ್ಲಾದರೆ ಮನಸ್ಸಿತ್ತೇ ಎಂದು ವಿಚಾರಿಸುತ್ತಾರೆ, ಮಂಜಿನ ಮನಸ್ಸನ್ನು ಯಾರು ವಿಚಾರಿಸಿದರು? ಅವರು ಕನ್ನಡಕ ಒರೆಸುತ್ತ, "ಮಂಜನ್ನು ಯಾರಮ್ಮಾ ಕೇಳುತ್ತಾರೆ? ಅದು ಅಲ್ಲಿರುತ್ತದೆ, ಉಪಯೋಗಕ್ಕೆ ಬರುತ್ತದೆ, ಅಷ್ಟೇ" ಎಂದರು. ತರಗತಿ ನಕ್ಕಿತು. ನಾನು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಹುಸೇನಬಿ ಪ್ರತಿ ವರ್ಷ ಯುಗಾದಿ ಮುಗಿದ ಮೇಲೆ ಬರುತ್ತಿದ್ದಳು. ಆಳಂದದ ನಾಲ್ಕಾರು ಮನೆಗಳ ಕೌದಿ ಮುಗಿಸಿ ಅಫಜಲಪುರದ ಕಡೆ ಗೊಬ್ಬೂರಕ್ಕೆ, ಅಲ್ಲಿಂದ ಜೇವರ್ಗಿಗೆ. ಮೊದಲ ಮಳೆ ಬೀಳುವ ಹೊತ್ತಿಗೆ ಅವಳ ಸುತ್ತು ಮುಗಿಯುತ್ತಿತ್ತು. ಮುಂಗೈ ತುಂಬ ಸೂಜಿಯ ಹಳೆಯ ಗೀರು, ಬಾಯಿ ತುಂಬ ಮಾತು. ಎಂಟು ದಿನ ನಮ್ಮ ಒಳಅಂಗಳ ಅವಳದು. ಹೊರಗಿನವರಾರಿಗೂ ತೆರೆಯದ ಅಂಗಳ ಅದು. ಅಲ್ಲಿ ಅವಳು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೊಣಕಾಲೂರಿ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುವಾಗ ಸೂಜಿ ಬಟ್ಟೆಯಿಂದ ಹೊರಬೀಳುವ ಸಣ್ಣ 'ಪಟ್' ಸದ್ದು ಇಡೀ ಮಧ್ಯಾಹ್ನವನ್ನು ಅಳೆಯುತ್ತಿತ್ತು. ನಾಲ್ಕನೆಯ ಮೂಲೆಯನ್ನು ಮಾತ್ರ ಒಂದು ಗೇಣು ಹೊಲಿಯದೆ ಬಿಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಮನೆಯ ಮಗು ಗರಿಯಾಗಿ ಒಣಗಿದ ಕಟಿರೊಟ್ಟಿಯ ಒಂದು ಚೂರು, ಒಂದು ಹರಳು ಬೆಲ್ಲ ಆ ಬಾಯೊಳಗೆ ಹಾಕಬೇಕು. ಅದು ಕೌದಿಯ ಹೊಟ್ಟೆ ತುಂಬಿಸುವುದು. ಆಮೇಲೆ ಮೂಲೆ ಮುಚ್ಚುತ್ತಿದ್ದಳು. ಒಮ್ಮೆ ಹೊಟ್ಟೆ ತುಂಬಿದ ಕೌದಿಯನ್ನು ಯಾರೂ ಬಿಚ್ಚುವುದಿಲ್ಲ. ಹರಿದರೆ ಮೇಲೆ ಇನ್ನೊಂದು ಪದರ ಬರುತ್ತದೆ, ಒಳಗಿನದು ಒಳಗೇ ಇರುತ್ತದೆ. ನಮ್ಮ ಕಡೆ ಇದನ್ನು ಯಾರೂ ಮೀರಿದ್ದನ್ನು ನಾನು ಕೇಳಿರಲಿಲ್ಲ.

"ಆಯೀ, ರೊಟ್ಟಿ ಹಾಕಿದ್ರ ಇರವಿ ಬರಂಗಿಲ್ಲೇನು?" ಎಂದು ನಾನು ಅಜ್ಜಿಯನ್ನು ಕೇಳಿದ್ದೆ.

"ಬರ್ಲಿ ಬಿಡು. ಇರವಿಗಿ ಹೊಟ್ಟಿ ಇಲ್ಲೇನು?"

"ಬಟ್ಟಿಗಿ ಎಲ್ಲದ ಹೊಟ್ಟಿ?"

"ಈ ಛೋಟಿ ಬಾಯಿ ನೋಡ್ರಿ ಆಯೀ!" ಹುಸೇನಬಿ ದಾರ ಕಡಿಯುತ್ತ ನಕ್ಕಿದ್ದಳು. "ಮುನಶೀ ಅಣ್ಣಾರ ಬದ್ಲಿ ಇಕಿನ್ನೇ ಕೂಡಸ್ರಿ ಕಚೇರಿ ಮುಂದ. ಬೇಟಿ, ಹಸದ ಕೌದಿ ಹೊಚಗೊಂಡ್ರ ಅದು ನಿನ್ನ ನಿದ್ದೀನೇ ತಿಂತದ. ತಿನಿಸ್ಲೇನು?"

ಚಿಗವ್ವ ನನ್ನ ಕಾಕಾನ ಹೆಂಡತಿ, ನೀಲವ್ವ. ಕಾಕಾ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳಿಗಾಗ ಇಪ್ಪತ್ತಮೂರೋ ನಾಲ್ಕೋ. ಮದುವೆಯಲ್ಲಿ ಅವಳ ತಂದೆ ಗೊಬ್ಬೂರದಲ್ಲಿ ಒಂದು ತುಂಡು ಕರಿಮಣ್ಣಿನ ಹೊಲವನ್ನು ಅವಳ ಹೆಸರಿಗೇ ಬಕ್ಷೀಸಪತ್ರ ಮಾಡಿ ಕೊಟ್ಟಿದ್ದರು. ಆ ಕಾಗದ ಅವಳ ಟ್ರಂಕಿನಲ್ಲಿತ್ತು. ಅಪ್ಪ ಅದನ್ನು ಮನೆಯ ಹೆಸರಿಗೆ, ಅಂದರೆ ತಮ್ಮ ಹೆಸರಿಗೆ, ಮಾಡಿಸಬೇಕೆಂದಿದ್ದರು. ಅಪ್ಪ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಚಿಗವ್ವನಿಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಹಬ್ಬಕ್ಕೆ ಅವ್ವನಿಗೆ ಬಂದಂತೆಯೇ ಅವಳಿಗೂ ಸೀರೆ ಬರುತ್ತಿತ್ತು, ಬಣ್ಣವೊಂದು ಬಿಟ್ಟು. "ಹೆಣ್ಣಮಗಳ ಹೆಸರಲೆ ಹೊಲ ಇದ್ರ ಮಂದಿ ಕಣ್ಣ ಬೀಳ್ತದ. ಮನಿ ಹೆಸರಲೆ ಇರ್ಲಿ. ನಿನಗೇನ ಕಡಿಮಿ ಮಾಡೀವಿ?" ಎಂದು ಅಪ್ಪ ಪಡಸಾಲೆಯಿಂದ ಹೇಳಿದರೆ, ಬಾಗಿಲ ಮರೆಯಿಂದ ಅವಳು, "ಆಯ್ತ್ರಿ ಭಾವಾ" ಎನ್ನುತ್ತಿದ್ದಳು. ಎರಡು ವರ್ಷ ಹಾಗೇ ಅಂದಳು. ಆ ಬೇಸಿಗೆ ಒಂದು ಬೆಳಗ್ಗೆ ಅಪ್ಪ ರೊಟ್ಟಿ ಮುರಿಯುತ್ತ, ನಾಳೆ ಕಚೇರಿಯಲ್ಲಿ ಕೆಲಸ ಆಗುತ್ತದೆ, ಸಂಜೆ ಅಸಲು ಕಾಗದ ತೆಗೆದಿಡು ಎಂದು ದಿನ ಗೊತ್ತು ಮಾಡಿಬಿಟ್ಟರು. ಅವಳು "ಆಯ್ತ್ರಿ" ಅಂದಳು. ಕಾಗದ ಕೊಟ್ಟರೆ ಅವಳು ಬದುಕಿರುವವರೆಗೆ ನಮ್ಮ ಅಡುಗೆಮನೆ. ಕೊಡದಿದ್ದರೆ ಗೊಬ್ಬೂರದಲ್ಲಿ ಅವಳದೇ ಒಂದು ನೆಲ. ಇದಿಷ್ಟೇ ವಿಷಯ. ನನಗೆ ಆಗ ಇದು ತಿಳಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಅರ್ಧ ತಿಳಿಯುತ್ತಿತ್ತು.

ಆ ವರ್ಷದ ಕೌದಿಗೆ ಸೀರೆಗಳು ಚಿಗವ್ವನವೇ. ಇನ್ನು ಉಡುವಂತಿರದ ಮದುವೆಯ ಸೀರೆಗಳು, ಹಸಿರು ಇಳಕಲ್ಲು, ಕುಂಕುಮ ಬಣ್ಣದ್ದೊಂದು, ನವಿಲುಬಣ್ಣದ್ದೊಂದು. ಟ್ರಂಕು ತೆರೆದಿಟ್ಟು ಅವಳೂ ಹುಸೇನಬಿಯೂ ಅವನ್ನು ಒಂದೊಂದಾಗಿ ಹೊರಗೆಳೆದರು. ಚಿಗವ್ವ ಸೆರಗಿಗೆ ಹಲ್ಲು ಹಚ್ಚಿ ಸೀಳಿ, ಎರಡೂ ಕೈಯಿಂದ ಎಳೆಯುತ್ತಿದ್ದಳು. ಬಟ್ಟೆ ಹರಿಯುವ ಆ ಉದ್ದ ಸದ್ದಿಗೆ ಆಯಿ ಜಪಮಣಿ ನಿಲ್ಲಿಸಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಪ್ಪ ದಿನ ಗೊತ್ತು ಮಾಡಿದ ಮಧ್ಯಾಹ್ನವೇ ಕೌದಿ ಮುಗಿಯಿತು. ಅವ್ವ ನೀರಿಗೆ ಹೋಗಿದ್ದಳು, ಆಯಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. "ಛೋಟೀ, ಬಾ, ಹೊಟ್ಟಿ ತುಂಬು," ಎಂದು ಕೂಗಿ ಹುಸೇನಬಿ ಕೈ ತೊಳೆಯಲು ಬಚ್ಚಲಿಗೆ ಹೋದಳು. ಚಿಗವ್ವ ಅಡುಗೆಮನೆಯಿಂದ ರೊಟ್ಟಿಯ ಚೂರು, ಬೆಲ್ಲ ತಂದು ನನ್ನ ಅಂಗೈಯಲ್ಲಿಟ್ಟಳು. ಅದರ ಕೆಳಗೆ ಕೆಂಪು ಚಿಂದಿಯಲ್ಲಿ ಸುತ್ತಿದ, ಅಂಗೈಯಗಲದ ಚಪ್ಪಟೆ ವಸ್ತುವೊಂದಿತ್ತು.

"ಇದನ್ನೂ ಹಾಕು ಕಮಲಿ."

"ಏನಿದು?"

"ನನ್ನ ಪಾಲಿನ ತುತ್ತು. ಲಗೂನ ಹಾಕು."

ಹಾಕಿದೆ. ಮೊಣಕೈವರೆಗೆ ಕೈ ಒಳಗೆ ಹೋಯಿತು. ಸೀರೆಗಳ ನಡುವೆ ತಂಪಿತ್ತು. ಹುಸೇನಬಿ ಕೈ ಒರೆಸಿಕೊಳ್ಳುತ್ತ ಬಂದು ಕೂತು ಮೂಲೆ ಮುಚ್ಚತೊಡಗಿದಳು. ಮೂರನೆಯ ಹೊಲಿಗೆಗೆ ಸೂಜಿ ನಿಂತಿತು. ಅವಳು ಹೆಬ್ಬೆರಳಿನಿಂದ ಆ ಜಾಗ ಒತ್ತಿ ನೋಡಿದಳು. ನನ್ನ ಮುಖ ನೋಡಿದಳು. ಅಡುಗೆಮನೆಯ ಬಾಗಿಲು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಹಾಕಿದ್ದ ಮೂರೂ ಹೊಲಿಗೆ ಬಿಚ್ಚಿ, ಒಳಗಿನದಕ್ಕೆ ಸೂಜಿ ತಾಗದ ಹಾಗೆ ಅದರ ಸುತ್ತ ನಾಲ್ಕು ಸಾಲು ಒತ್ತಾಗಿ ಹೊಲಿದು ದಾರ ಕಡಿದಳು. "ಇದರದು ಹೊಟ್ಟಿ ಭಾಳ ತುಂಬ್ಯಾದ," ಎಂದಳು. ಅಷ್ಟೇ. ಆ ಮಾತು ನನಗೆ ಹೇಳಿದಳೋ, ಕೌದಿಗೋ, ಅಡುಗೆಮನೆಯೊಳಗಿದ್ದವಳಿಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ಅಪ್ಪ ಕಾಗದ ಕೇಳಿದರು. "ಟ್ರಂಕಿನಾಗ ಇಟ್ಟಿದ್ದೆರಿ ಭಾವಾ. ಈಗ ಅದರಾಗ ಇಲ್ಲ," ಎಂದಳು ಚಿಗವ್ವ. ಎಷ್ಟೋ ವೇದಿಕೆಗಳ ಮೇಲೆ ಎಷ್ಟೋ ಚತುರರನ್ನು ಕೇಳಿದ್ದೇನೆ. ಒಂದೂ ಸುಳ್ಳಿಲ್ಲದೆ ಇಷ್ಟು ಚೆನ್ನಾಗಿ ಬಾಗಿಲು ಮುಚ್ಚಿದ ಉತ್ತರ ಇನ್ನೊಂದು ಸಿಕ್ಕಿಲ್ಲ. ಕೆಂಪು ಚಿಂದಿಯಲ್ಲಿ ಏನಿತ್ತೆಂದು ಆ ಗಳಿಗೆಯಲ್ಲಿ ನನಗೆ ಪೂರ್ತಿ ತಿಳಿಯಿತು. ಟ್ರಂಕು ಬೋರಲು ಬಿತ್ತು, ಗೂಡು, ಜಂತಿ, ಅಕ್ಕಿಯ ಡಬ್ಬಿ ಎಲ್ಲ ಹುಡುಕಿದರು. ಮರುದಿನ ಬೆಳಗ್ಗೆ ಹುಸೇನಬಿ ಹೊರಡಲು ಸಜ್ಜಾಗಿ ಗಂಟು ಕಟ್ಟಿಕೊಂಡು ಆಯಿಯ ಮುಂದೆ ಬಂದು ನಿಂತಾಗ ಅಪ್ಪ ಪಡಸಾಲೆಯಿಂದ ಒಳಕ್ಕೆ ಬಂದರು.

"ಹುಸೇನಬಿ, ಗಂಟ ಬಿಚ್ಚು."

"ಯಾಕ್ರಿ ಮುನಶೀ ಅಣ್ಣಾ?" ಅವಳು ಚೇಷ್ಟೆಯೆಂದೇ ತಿಳಿದಳು. "ಸೂಜಿ ಕಳಕೊಂಡೀರೇನು?"

"ಟ್ರಂಕಿನಾಗ ಕೈ ಹಾಕಿದ ಹೊರಗಿನಾಕಿ ನೀ ಒಬ್ಬಾಕಿ. ಇವತ್ತ ಹೊಂಟಿದ್ದು ಗೊಬ್ಬೂರಕ್ಕ. ಗೊಬ್ಬೂರ ಯಾರ ತವರ ಅಂತ ನನಗ ಗೊತ್ತಿಲ್ಲೇನು? ಯಾರ ಜೋಡಿ ಶಾಮೀಲಾಗಿದ್ದಿ, ಹೇಳು."

"ನಾ ವರ್ಷಾ ಹೋಗ್ತೇನ್ರಿ ಗೊಬ್ಬೂರಕ್ಕ..."

ಗಂಟಿನಲ್ಲಿ ಒಂದು ಸೀರೆ, ಸೂಜಿಯ ಡಬ್ಬಿ, ದಾರದ ಉಂಡೆಗಳು, ಅವ್ವನೇ ಕಟ್ಟಿಕೊಟ್ಟಿದ್ದ ರೊಟ್ಟಿ. ಅವೆಲ್ಲ ಫರಸಿಯ ಮೇಲೆ ಹರವಿ ಬಿದ್ದವು. ಕಾಗದವಿರಲಿಲ್ಲ. ಉಳಿದದ್ದು ಗಂಟು ಕಟ್ಟಲು ಬಳಸುತ್ತಿದ್ದ ಅವಳ ಸ್ವಂತ ಕೌದಿ, ಮಾಸಿ ಬಣ್ಣವೇ ತಿಳಿಯದಾಗಿದ್ದದ್ದು. ಅಪ್ಪ ಅದರ ಕಡೆ ಬೆರಳು ತೋರಿಸಿದರು.

ಅವ್ವ ಹಿಂಜರಿದಳು. "ಅದರ ಹೊಟ್ಟಿ ತುಂಬ್ಯಾದ್ರಿ. ಬಿಚ್ಚಬಾರದು."

"ನಮ್ಮನಿದಲ್ಲಲ್ಲ," ಎಂದರು ಅಪ್ಪ.

ಅವ್ವ ಕತ್ತರಿ ತಂದಳು. ಪದರ ಪದರವಾಗಿ ಅದು ಬಿಚ್ಚಿಕೊಂಡಿತು. ಗೋಣಿಯ ತುಂಡು, ಗಂಡಸಿನ ಲುಂಗಿಯ ಅರ್ಧ, ಅದರೊಳಗೆ ಎರಡು ವರ್ಷದ ಮಗುವಿಗೆ ಆಗುವಷ್ಟು ಒಂದು ಅಂಗಿ, ದಾರದ ಗುಂಡಿಯದು. ಮೂಲೆಯಿಂದ ಹಳೆಯ ರೊಟ್ಟಿ ಪುಡಿಯಾಗಿ ಉದುರಿತು. ಹುಸೇನಬಿಗೆ ಮಗುವಿತ್ತೆಂದು ನಮಗೆ ಆ ದಿನದವರೆಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಅವಳು ಅಂಗಿಯನ್ನು ನೋಡುತ್ತ ಕೂತಿದ್ದಳು. ಅಲ್ಲಿಂದ ನಾಲ್ಕು ಹೆಜ್ಜೆಯಾಚೆ ಹಗ್ಗದ ಮೇಲೆ ನಮ್ಮ ಹೊಸ ಕೌದಿ, ಹಸಿರು ಕೆಂಪು ನವಿಲುಬಣ್ಣದ್ದು, ಬಿಸಿಲಿಗೆ ತೂಗುತ್ತಿತ್ತು. ಮನೆಯ ಜಂತಿಯವರೆಗೆ ಹುಡುಕಿದವರಲ್ಲಿ ಒಬ್ಬರಿಗೂ ಅದರ ಕಡೆ ಕಣ್ಣು ಹೋಗಲಿಲ್ಲ. ಹೊಟ್ಟೆ ತುಂಬಿದ ಕೌದಿ ಬಿಚ್ಚಬಾರದೆಂಬ ನಿಯಮ ನಮ್ಮ ಹಗ್ಗದವರೆಗೆ ಮಾತ್ರ ಇತ್ತು. ಹುಸೇನಬಿ ಒಂದು ಸಲ ಕತ್ತೆತ್ತಿ ಆ ಕಡೆ ನೋಡಿದ್ದರೂ ಸಾಕಾಗಿತ್ತು. ಅವಳು ನೋಡಲಿಲ್ಲ.

ನಾನು ಬಾಯಿ ತೆರೆದೆ. ಅಡುಗೆಮನೆಯಲ್ಲಿ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಒಂದು ಏಟೂ ತಪ್ಪಲಿಲ್ಲ. ನಾನು ಬಾಯಿ ಮುಚ್ಚಿದೆ. ಆಮೇಲೆ ನನಗಾಗಿ ನಾನೇ ಎಷ್ಟೋ ವಾದ ಹೂಡಿದ್ದೇನೆ. ಒಂಬತ್ತು ವರ್ಷದ ಹುಡುಗಿ, ಅಪ್ಪನ ಭಯ, ಚಿಗವ್ವನ ಮೇಲಿನ ಪ್ರೀತಿ. ಎಲ್ಲವೂ ವೇದಿಕೆಯ ಮೇಲೆ ಚೆನ್ನಾಗಿ ನಿಲ್ಲುತ್ತವೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಭಯವಾಗಲಿ ಪ್ರೀತಿಯಾಗಲಿ ಇರಲಿಲ್ಲ. ಏನೂ ಇರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕಾಲಿನಂತಿರುತ್ತದಲ್ಲ, ಹಾಗೆ. ಅದು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಇದನ್ನು ಬರೆಯುವಾಗಲೂ ಅಳು ಬರಬೇಕಿತ್ತು, ಬರುತ್ತಿಲ್ಲ.

ಹುಸೇನಬಿ ಆ ಚಿಂದಿಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಎದ್ದಳು. ರೂಢಿಯಂತೆ, "ಹೋಗಿ ಬರ್ತೇನ್ರಿ ಆಯೀ," ಎಂದಳು. ಆಯಿ ರೂಢಿಯಂತೆ "ಹೂಂ" ಎಂದಳು.

ಅಪ್ಪ ಅರ್ಜಿ ಹಾಕಲಿಲ್ಲ. ಪುರಾವೆಯಿಲ್ಲದ ಅರ್ಜಿ ನಿಲ್ಲುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಗದದ ನಕಲು ತೆಗೆಸಬಹುದಿತ್ತು, ಆದರೆ ಅದಕ್ಕೆ ಮುನಶಿಯ ಮನೆಯಲ್ಲೇ ಕಾಗದ ಕಳೆಯಿತೆಂದು ಕಚೇರಿಗೆ ಬರೆದುಕೊಡಬೇಕು. ಅದು ಅವರ ಕೈಯಲ್ಲಿ ಆಗಲಿಲ್ಲ. ಬದಲಿಗೆ ಬೇವಿನ ನೆರಳಲ್ಲಿ ಕೂತವರಿಗೆ ಹೇಳಿದರು, ಅಷ್ಟೇ. ಹೆಚ್ಚೇನೂ ಇಲ್ಲ, ಕೌದಿಯವಳು ಶಾಮೀಲು ಎಂದು. ಬೆಕ್ಕು ಇಲಿಗಳ ಮೇಲೆ ಆಡಿ ಆಡಿ ನುಣ್ಣಗಾಗಿದ್ದ ಮಾತು ಮನುಷ್ಯಳ ಮೇಲೆ ಬಿದ್ದಾಗ ಎಷ್ಟು ಭಾರವೆಂದು ಮುಂದಿನ ಬೇಸಿಗೆ ತಿಳಿಯಿತು. ಅವಳು ಬಂದಳಂತೆ. ಆಳಂದದಲ್ಲಿ ಒಂದು ಮನೆಯೂ ಒಳಅಂಗಳ ತೆರೆಯಲಿಲ್ಲವಂತೆ. ನಮ್ಮ ಓಣಿಗೆ ಅವಳು ಬರಲಿಲ್ಲ.

ನಮ್ಮ ಹೊಸ ಕೌದಿಯನ್ನು ಆಯಿ ತನಗೆಂದು ತೆಗೆದುಕೊಂಡಳು. ಹಾಸುವಾಗ ಪ್ರತಿಸಲ ಆ ದಪ್ಪ ಮೂಲೆಯನ್ನೇ ತಲೆದೆಸೆಗೆ ತಿರುಗಿಸುತ್ತಿದ್ದಳು. ಸಂಜೆ ಅಪ್ಪ ಕಚೇರಿಯಿಂದ ಬಂದು ಅದರ ಅಂಚಿನ ಮೇಲೆಯೇ ಕೂತು ಅವ್ವ ಕೊಟ್ಟ ಚಹಾ ಕುಡಿಯುತ್ತ ಕಳೆದ ಕಾಗದದ ಮಾತಾಡುತ್ತಿದ್ದರು. ಆಯಿ ಕೇಳುತ್ತಿದ್ದಳು, ಅವಳ ಬೆರಳು ಆ ಮೂಲೆಯ ನಾಲ್ಕು ಸಾಲು ಹೊಲಿಗೆಯ ಮೇಲೆ ಹೋಗಿ ಬರುತ್ತಿತ್ತು. ಮರುವರ್ಷ ಪಂಚಮಿಗೆ ಚಿಗವ್ವನ ಅಣ್ಣ ಅವಳನ್ನು ಕರೆಯಲು ಬಂದಾಗ ಆಯಿ ತಾನೇ ಕೌದಿ ಮಡಚಿ ಗಾಡಿಯಲ್ಲಿಟ್ಟಳು. "ನಿನ್ನ ಸೀರಿ. ನೀನ ಒಯ್ಯಿ," ಎಂದಳು. ಚಿಗವ್ವ ತಿರುಗಿ ಬರಲಿಲ್ಲ. ಗೊಬ್ಬೂರದ ಹೊಲವನ್ನು ಅವಳೇ ಮಾಡಿಸುತ್ತಿದ್ದಾಳೆ, ಅಸಲು ಕಾಗದ ಅವಳ ಬಳಿಯೇ ಇದೆ ಎಂಬ ಸುದ್ದಿ ಕಚೇರಿಯಿಂದ ಬಂದ ದಿನ ಅಪ್ಪ ತೊಡೆ ತಟ್ಟಿದರು: "ನೋಡಿದಿರೇನು? ಹುಸೇನಬಿನೇ ಒಯ್ದು ಮುಟ್ಟಿಸ್ಯಾಳ. ನಾ ಹೇಳಿದ್ದಿಲ್ಲೇನು?" ತರ್ಕ ಎಷ್ಟು ಚೆನ್ನಾಗಿ ಕೂತಿತು ನೋಡಿ. ನನ್ನ ತಮ್ಮ ಇಂದು ಹೇಳುವ ಕಥೆ ಹುಟ್ಟಿದ್ದು ಅಂದು.

ಆಯಿ ತೀರಿಹೋದಳು. ನಿಜಾಮನ ರಾಜ್ಯ ಮುರಿದ ಗಲಾಟೆಯ ವರ್ಷ ನಾವು ಊರು ಬಿಟ್ಟು ಖಜೂರಿಯ ದಾರಿ ಹಿಡಿದು ಗಡಿಯಾಚೆಯ ಸೋಲಾಪುರಕ್ಕೆ ಹೋದೆವು. ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಅಪ್ಪ ಹಾಸಿಗೆ ಹಿಡಿದರು. ಉರ್ದು ಅರ್ಜಿ ಯಾರಿಗೂ ಬೇಡವಾದ ಊರಿನಲ್ಲಿ, ಕೊನೆಯ ದಿನಗಳಲ್ಲಿ ಅವರು ಗೋಡೆಯ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ. ತಿರುಗಿ ಆಳಂದಕ್ಕೆ ಹೋದಾಗ ಮಾಳಿಗೆ ಎರಡು ಮಳೆಗಾಲಕ್ಕೆ ಕುಸಿದು ಒಳಅಂಗಳದಲ್ಲಿ ಕೂತಿತ್ತು. ಫರಸಿಗಳನ್ನು ಯಾರೋ ಎಬ್ಬಿಸಿಕೊಂಡು ಹೋಗಿದ್ದರು. ಕಲ್ಲು ಹೋದ ಜಾಗಗಳಲ್ಲಿ ನೆಲ ಚೌಕ ಚೌಕವಾಗಿ ಹಸಿಯಾಗಿತ್ತು, ಅದರಲ್ಲಿ ತುಂಬೆ ಬೆಳೆದಿತ್ತು. ನೀವೂ ಅಂಥ ನೆಲದ ಮೇಲೆ ನಿಂತಿದ್ದರೆ ಬಲ್ಲಿರಿ: ಅಡುಗೆಮನೆ ಇಷ್ಟು ಸಣ್ಣದಿತ್ತೇ ಎಂದು ಮೊದಲು ಅನಿಸುತ್ತದೆ, ಆಮೇಲೆ ಏನೂ ಅನಿಸುವುದಿಲ್ಲ.

ಹುಸೇನಬಿಯನ್ನು ಹುಡುಕಲು ಜೇವರ್ಗಿಗೆ ಹೋದೆ. ಅಲ್ಲಿ ಅವಳು ವರ್ಷವೂ ಹೊಲಿಯುತ್ತಿದ್ದ ಮನೆಯೊಂದರ ಮುದುಕಿ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟಳು. "ಬರ್ತಿದ್ಳಲ್ಲ, ಛಲೋ ಕೈ ಆಕಿದು. ಆಮ್ಯಾಲ ನಾವೇ ಬ್ಯಾಡಂದಿವಿ. ಎಲ್ಲಿ ಹೋದಳೋ, ಇದ್ದಾಳೋ ಇಲ್ಲೋ," ಎಂದಳು. ಯಾಕೆ ಬೇಡವೆಂದಿರಿ ಎಂದು ಕೇಳಿದೆ. "ನಿಮ್ಮ ಕಡೀದೇ ಮಾತು ಬಂದಿತ್ತಲ್ಲವ್ವ, ಆಳಂದದ್ದು. ಯಾರೋ ಮುನಶೀರ ಮನ್ಯಾಗಂತ." ನಾನು ಯಾರೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಲೆಕ್ಕ ಹಿಡಿದರೆ ಅದು ನನ್ನ ಮೂರನೆಯ ಮೌನ.

ಅಲ್ಲಿಂದ ಗೊಬ್ಬೂರಕ್ಕೆ ಹೋದೆ. ಜೋಳ ಹಾಲುಗಾಳು ಕಟ್ಟಿದ್ದ ದಿನಗಳು. ಚಿಗವ್ವ ಬದುವಿನ ಮೇಲೆ ಬೆಂಕಿ ಮಾಡಿ ನನಗಾಗಿ ಸೀತನಿ ಸುಟ್ಟಳು. ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಬಿಸಿ ಕಾಳು ನನ್ನ ಕೈಗೆ ಸುರಿದಳು. ಕೈ ಗಟ್ಟಿಯಾಗಿತ್ತು, ದನಿ ದೊಡ್ಡದಾಗಿತ್ತು. ಬದುವಿನ ಆಚೆಯಿದ್ದ ಆಳಿಗೆ ಕೂಗಿದರೆ ಅವನು ಓಡಿ ಬರುತ್ತಿದ್ದ. ಬಾಗಿಲ ಮರೆಯಿಂದ "ಆಯ್ತ್ರಿ" ಎನ್ನುತ್ತಿದ್ದವಳು ಇವಳೇ ಎಂದು ನಂಬಲು ನನಗೆ ಹೊತ್ತು ಬೇಕಾಯಿತು. ಹುಸೇನಬಿಯ ಗಂಟು ಬಿಚ್ಚಿದ ಬೆಳಗಿನ ಮಾತು ನಾನೇ ತೆಗೆದೆ. ಅವಳು ತಪ್ಪಿಸಿಕೊಳ್ಳಲಿಲ್ಲ.

"ಅವತ್ತ ಬಾಯಿ ಬಿಟ್ಟಿದ್ರ ಹೊಲ ಹೋಗ್ತಿತ್ತು ಕಮಲಿ. ಹೊಲ ಹೋಗಿದ್ರ ನಾ ನಿಮ್ಮನಿ ಒಲಿ ಮುಂದೇ ಮುಪ್ಪಾಗ್ತಿದ್ದೆ. ನೀ ಓದಿದಾಕಿ, ನೀ ಹೇಳು. ತಪ್ಪೇನದ?"

"ತಪ್ಪಿಲ್ಲ," ಎಂದೆ. ಇದಕ್ಕೆ ನನ್ನ ಬಳಿ ಎದುರುವಾದ ಇರಲಿಲ್ಲ, ಈಗಲೂ ಇಲ್ಲ.

"ಆಕಿ ಗಟ್ಟ್ಯಾಕಿ. ಹೆಂಗರ ಬದಕ್ತಾಳ ಅಂದಕೊಂಡೆ. ಹಂಗ ನೋಡಿದ್ರ ಆಕಿನೂ ನಮ್ಮ ಜೋಡೀನೇ ಇದ್ದಳಲ್ಲ."

ಆ ಕೊನೆಯ ಮಾತಿಗೆ ನನ್ನ ಕೈಯಲ್ಲಿದ್ದ ಕಾಳನ್ನು ಸೆರಗಿಗೆ ಸುರಿದುಕೊಂಡೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ. ಚಿಗವ್ವ ಬೆಂಕಿಗೆ ಇನ್ನೆರಡು ತೆನೆ ಒಡ್ಡಿದಳು, ಹೊಗೆಗೆ ಕಣ್ಣು ಕಿರಿದು ಮಾಡಿದಳು, ನಾನು ಕೇಳಿದ್ದು ಕೇಳಿಸಲಿಲ್ಲವೆಂಬಂತೆ ಆಳನ್ನು ಕೂಗಿ ಎತ್ತಿಗೆ ನೀರು ಕುಡಿಸಲು ಹೇಳಿದಳು. ಗೊಬ್ಬೂರದಲ್ಲಿ ಈಗ ಈ ಬರಹವನ್ನು ಅವಳಿಗೆ ಓದಿ ಹೇಳುವವರಿದ್ದಾರೆ, ಅವಳ ಅಣ್ಣನ ಮಗನೇ ಇದ್ದಾನೆ. ಆದ್ದರಿಂದ ಅದನ್ನೇ ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ.

ಚಿಗವ್ವ, ಆ ಮೂಲಿ ಹೊಲಿಯೋದಕ್ಕಿಂತ ಮೊದ್ಲ ನೀ ಹುಸೇನಬಿಗಿ ಒಂದು ಮಾತು ಕೇಳಿದ್ಯೇನು?